ಬುಡ್ತು ಅನ್ನು

ಹಾಲಿಗೆ ನೀರು ಬೆರೆಸಿ ತಂದವರು ಅವತ್ತು ಸ್ವಲ್ಪ ಹೆಚ್ಚು ಮಾತಾಡುತ್ತಾರೆ. ತಿಂಡಿ ಆಯ್ತಾ ಎಂದು ಶುರುಮಾಡಿ, ಹಸುವಿನ ಕಾಲುನೋವು, ಮೊಮ್ಮಗುವಿಗೆ ಬಂದ ಹಲ್ಲು, ಎದುರುಮನೆಯವರ ಜಗಳ, ಎಲ್ಲವನ್ನೂ ಹೇಳಿ, ನನ್ನ ಕಣ್ಣು ಮಾತ್ರ ಲ್ಯಾಕ್ಟೋಮೀಟರಿನ ಮೇಲೆ ಬೀಳದಂತೆ ನೋಡಿಕೊಳ್ಳುತ್ತಾರೆ. ಭೀಮನಬೀಡಿನ ಮಗ್ಗುಲ ಒಂದು ಊರಿನಲ್ಲಿ ಹೆಂಗಸರ ಹಾಲಿನ ಡೇರಿಯನ್ನು ನೋಡಿಕೊಳ್ಳುವವಳು ನಾನು. ಬೆಳಗಾಗೆದ್ದು ಮುಖ ತೊಳೆದು ನಾನು ಮಾಡುವ ಮೊದಲ ಕೆಲಸವೆಂದರೆ ನೆರೆಹೊರೆಯವರನ್ನು ಅನುಮಾನಿಸುವುದು. ಅದಕ್ಕೇ ನನಗೆ ಸಂಬಳ. ಆ ಗಾಜಿನ ಕಡ್ಡಿಯನ್ನು ಹಾಲಿಗೆ ಬಿಟ್ಟ ಕೂಡಲೇ ನೋಡಬಾರದು, ಅದು ಮೇಲೆ ಕೆಳಗೆ ಆಡುತ್ತಿರುತ್ತದೆ. ಅಲ್ಲಾಡುವುದು ನಿಂತ ಮೇಲೆ ಬಗ್ಗಿ, ಕಣ್ಣನ್ನು ಹಾಲಿನ ಮಟ್ಟಕ್ಕೆ ತಂದು ನೋಡಬೇಕು. ಅಷ್ಟು ಹೊತ್ತು ಎದುರಿಗೆ ನಿಂತವರ ಮುಖ ನೋಡುವುದು ನನ್ನ ಅಭ್ಯಾಸ. ಎಷ್ಟೋ ಸಲ ಕಡ್ಡಿಗಿಂತ ಮೊದಲು ಮುಖವೇ ಹೇಳಿಬಿಡುತ್ತದೆ.

ಈ ಗುಣ ಡೇರಿಯ ಬಾಗಿಲು ಹಾಕಿದ ಮೇಲೆ ನನ್ನನ್ನು ಬಿಟ್ಟು ಹೋಗುವುದಿಲ್ಲ. ತರಕಾರಿಯವನ ತಕ್ಕಡಿಯನ್ನು ನಾನು ನಂಬುವುದಿಲ್ಲ, ಟೈಲರು ಹೇಳಿದ ದಿನವನ್ನು ನಂಬುವುದಿಲ್ಲ. ನನ್ನ ಗಂಡ ಗುಂಡ್ಲುಪೇಟೆಯಿಂದ ಚೆಂಡುಹೂವು, ತರಕಾರಿ ತುಂಬಿಕೊಂಡು ಕೇರಳದ ಕಡೆಗೆ ಗೂಡ್ಸ್ ಗಾಡಿ ಓಡಿಸುತ್ತಾನೆ. ಅವನು ಮನೆಗೆ ಬಂದು ಯಾವುದೋ ಮಲಯಾಳಿ ಹಾಡು ಗುನುಗಿದರೆ, ಇವತ್ತು ಇವನಿಗೆ ಇಷ್ಟು ಖುಷಿ ಯಾಕೆ ಎಂದು ಯೋಚಿಸುವ ಹೆಂಗಸು ನಾನು. ಅತ್ತಿಗೆಯೊಬ್ಬರು ನನ್ನನ್ನು ಪೊಲೀಸು ಎಂದೇ ಕರೆಯುತ್ತಾರೆ. ಕರೆದುಕೊಳ್ಳಲಿ.

ಹಾಗಾಗಿ ನಮ್ಮ ಒಬ್ಬಳೇ ಮಗಳು ಮೊದಲ ಪಿಯುಸಿಯಲ್ಲಿ ಬದಲಾದಾಗ ನನಗೆ ಕಾಯಿಲೆಯ ಯೋಚನೆ ಬರಲಿಲ್ಲ. ಕಳ್ಳತನದ ಯೋಚನೆ ಬಂತು. ಕಾಲೇಜಿನಿಂದ ಬಂದವಳೇ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ತಲೆ ಬಾಚಲು ಕರೆದರೆ ನಾಳೆ ಎನ್ನುತ್ತಿದ್ದಳು. ತಟ್ಟೆಯಲ್ಲಿ ಮುದ್ದೆ ಆರಿ ಗಟ್ಟಿಯಾಗುವವರೆಗೂ ಅದನ್ನೇ ನೋಡಿಕೊಂಡು ಕೂರುತ್ತಿದ್ದಳು. ಮಾತಾಡಿಸಿದರೆ ಸಿಟ್ಟಾದರೂ ಮಾಡಿಕೊಳ್ಳಬೇಕಲ್ಲ, ಅದೂ ಇಲ್ಲ. ಯಾವನೋ ಹುಡುಗನ ವಿಷಯ ಎಂದು ನಾನು ತೀರ್ಮಾನಿಸಿದೆ. ಅವಳು ಸ್ನಾನಕ್ಕೆ ಹೋದಾಗ ಫೋನು ತೆಗೆದು ನೋಡಿದೆ. ಅದರಲ್ಲಿ ಹುಡುಗನ ಸುಳಿವೂ ಇರಲಿಲ್ಲ, ಬರೀ ಹಾಡುಗಳು. ಏನೂ ಸಿಗದಿದ್ದದ್ದೇ ನನಗೆ ದೊಡ್ಡ ಸಾಕ್ಷಿಯಾಯಿತು. ಇಷ್ಟು ಚೆನ್ನಾಗಿ ಬಚ್ಚಿಡಬೇಕಾದರೆ ವಿಷಯ ದೊಡ್ಡದೇ ಇರಬೇಕು ಎಂದುಕೊಂಡೆ.

ಗುಂಡ್ಲುಪೇಟೆಯ ಅವಳ ಕಾಲೇಜಿನ ಮೇಡಂ ಒಬ್ಬರು ನನ್ನನ್ನು ಕರೆಸಿ, ಹುಡುಗಿ ಕ್ಲಾಸಿನಲ್ಲಿ ಸುಮ್ಮಸುಮ್ಮನೆ ಅಳುತ್ತಾಳೆ, ಯಾರಾದರೂ ಮನಸ್ಸಿನ ಡಾಕ್ಟರಿಗೆ ತೋರಿಸಿ ಎಂದರು. ಆ ಮೇಡಂ ಮೇಲೂ ನನಗೆ ಅನುಮಾನವೇ, ಅವರ ಪಾಠ ಅರ್ಥವಾಗದೆ ಅತ್ತಿರಬಾರದೇಕೆ. ಆದರೂ ಚಾಮರಾಜನಗರಕ್ಕೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಸಣ್ಣ ವಯಸ್ಸಿನವರು. ಮಗಳನ್ನು ಕೂರಿಸಿಕೊಂಡು ಮಾತಾಡಿದರು, ನನ್ನನ್ನು ಕೂರಿಸಿಕೊಂಡು ಮಾತಾಡಿದರು, ಆಮೇಲೆ ಖಿನ್ನತೆ ಎಂದರು. ರಕ್ತ ತೆಗೆಯಲಿಲ್ಲ, ಎಕ್ಸ್‌ರೇ ಬರೆಯಲಿಲ್ಲ. ಅಳೆಯಲು ಒಂದು ಕಡ್ಡಿಯೂ ಇಲ್ಲದ ಕಾಯಿಲೆಯನ್ನು ಬರೀ ಮಾತಿನಲ್ಲಿ ಹೇಗೆ ಕಂಡುಹಿಡಿದಿರಿ ಎಂದು ನಾನು ಮುಖದ ಮೇಲೆಯೇ ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಮಗಳನ್ನು ಹೊರಗೆ ಕಳುಹಿಸಿ ನನ್ನೊಬ್ಬಳಿಗೆ ಎರಡು ವಿಷಯ ಹೇಳಿದರು. ಬೆಳೆಗೆ ಹೊಡೆಯುವ ಔಷಧಿ ಮನೆಯಲ್ಲಿರಬಾರದು, ಮಾತ್ರೆ ನನ್ನ ಕೈಯಲ್ಲೇ ಇರಬೇಕು ಎನ್ನುವುದು ಒಂದು. ಇನ್ನೊಂದು, ಸಾಯಬೇಕು ಅನ್ನಿಸುತ್ತದೆಯೇ ಎಂದು ಅವಳನ್ನು ಆಗಾಗ ನೇರವಾಗಿ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಬಂದುಬಿಡುವುದಿಲ್ಲ, ಇರುವ ಯೋಚನೆಯನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ ಎಂದರು.

ಮೊದಲನೆಯದನ್ನು ಅವತ್ತೇ ಮಾಡಿದೆ. ಔಷಧಿ ಡಬ್ಬಗಳೆಲ್ಲ ಊರಾಚೆಯ ಪಂಪುಸೆಟ್ಟಿನ ಮನೆಗೆ ಹೋಗಿ ಬೀಗ ಬಿತ್ತು. ಮಾತ್ರೆಗಳು ಡೇರಿಯ ಬೀರುವಿನಲ್ಲಿ ಕೂತವು. ಮಗಳು ದಿನಾ ಬಂದು ತೀರ್ಥಕ್ಕೆ ಒಡ್ಡುವ ಹಾಗೆ ಕೈ ಒಡ್ಡಿ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ನುಂಗಿದ ಮೇಲೆ, ನಾನು ಕೇಳುವ ಮೊದಲೇ ಬಾಯಿ ತೆರೆದು ತೋರಿಸುತ್ತಿದ್ದಳು. ತಾಯಿಯ ಗುಣ ಅವಳಿಗೆ ಗೊತ್ತಿಲ್ಲವೇ.

ಎರಡನೆಯದು ನನ್ನಿಂದ ಆಗಲಿಲ್ಲ. ನಮ್ಮ ಸೀಮೆಯಲ್ಲಿ ಕೆಟ್ಟ ಮಾತು ಬಾಯಿಂದ ಬಿದ್ದರೆ, ಕೇಳಿಸಿಕೊಂಡವರು ತಕ್ಷಣ 'ಬುಡ್ತು ಅನ್ನು' ಎನ್ನುತ್ತಾರೆ. ಆಡಿದವರು 'ಬುಡ್ತು' ಎನ್ನಬೇಕು. ಅಲ್ಲಿಗೆ ಆ ಮಾತು ಆಡಲೇ ಇಲ್ಲ ಎಂದು ಲೆಕ್ಕ. ನನ್ನ ಅವ್ವ ನನಗೆ ಅನ್ನಿಸಿದ್ದಾಳೆ, ಅವಳಿಗೆ ಅವಳ ಅವ್ವ. ಸಾವಿನ ಹೆಸರು ಬಂದರೆ ನಾಲಿಗೆ ತಾನಾಗಿ ಆ ಕಡೆ ಓಡುತ್ತದೆ, ಬಿಸಿ ಪಾತ್ರೆ ಮುಟ್ಟಿದ ಕೈ ಹಿಂದಕ್ಕೆ ಬರುವ ಹಾಗೆ. ಹಿಂದೊಂದು ದಿನ ಹುರುಳಿಕಾಯಿ ಸೋಸುವಾಗ ಮಗಳು ಪಕ್ಕದಲ್ಲಿ ಬಂದು ಕೂತು, "ನಾನಿಲ್ದೆ ಹೋದ್ರೆ ನಿಂಗ್ ನಿರುಮ್ಮಳ ಅಲ್ವಾ ಅವ್ವ" ಎಂದಿದ್ದಳು. ನಾನು ಕೈಯಲ್ಲಿದ್ದ ಕಾಯಿ ಕೆಳಗೆ ಹಾಕಿ, ಮೊದ್ಲು ಬುಡ್ತು ಅನ್ನು ಎಂದೆ. ಬುಡ್ತು ಎಂದಳು. ಎದ್ದು ಒಳಗೆ ಹೋದಳು. ನನಗೆ ಸಮಾಧಾನವಾಯಿತು. ಆ ಮಾತನ್ನು ನಾನೇ ಮತ್ತೆ ಎತ್ತಬೇಕು ಎಂದು ಡಾಕ್ಟರು ಹೇಳಿದರೆ ಹೇಗಾಗುತ್ತದೆ?

ಕೆಲವು ತಿಂಗಳು ಕಳೆದವು. ಮಾತ್ರೆಯೋ ಮತ್ತೊಂದೋ, ಮಗಳು ಕೊಂಚ ಚೇತರಿಸಿಕೊಂಡಳು. ತಲೆ ಬಾಚಿಕೊಳ್ಳುತ್ತಿದ್ದಳು, ಅರ್ಧ ಮುದ್ದೆಯಾದರೂ ಉಣ್ಣುತ್ತಿದ್ದಳು. ಎರಡನೇ ಪಿಯುಸಿಯ ಮಧ್ಯದಲ್ಲಿ ಒಂದು ದಿನ, ಡಿಗ್ರಿಗೆ ಸಂಗೀತ ತಗೋತೀನಿ, ಮೈಸೂರಿನಲ್ಲಿ ಹಾಸ್ಟೆಲಿನಲ್ಲಿರ್ತೀನಿ ಎಂದಳು. ನಾವು ನರ್ಸಿಂಗ್ ಎಂದುಕೊಂಡಿದ್ದೆವು. ನಮ್ಮ ಮನೆಯಲ್ಲಿ ಹಾರ್ಮೋನಿಯಂ ಇಲ್ಲ, ಮೇಷ್ಟರಿಲ್ಲ. ಶಾಲೆಯ ಪ್ರಾರ್ಥನೆಗೆ ನಾಲ್ಕು ಜನರ ಜೊತೆ ನಿಂತು ಬಾಯಿ ಆಡಿಸಿದ್ದು ಬಿಟ್ಟರೆ ಅವಳು ಹಾಡಿದ್ದನ್ನು ನಾನು ಕೇಳಿರಲಿಲ್ಲ. ಗಂಡ ಅದೇನು ದೊಡ್ಡದು ಎನ್ನುವಂತೆ, "ಓದ್ಲಿ ಬುಡು, ಯಾವ್ದೋ ಒಂದ್ರಲ್ಲಿ ಆಸೆ ಹುಟ್ತಲ್ಲ" ಎಂದ. ನನಗೆ ಅವಳು ಹೇಳಿದ್ದರಲ್ಲಿ ಸಂಗೀತ ಕೇಳಿಸಲಿಲ್ಲ, ಹಾಸ್ಟೆಲು ಕೇಳಿಸಿತು. ಅಲ್ಲಿ ಔಷಧಿ ಡಬ್ಬ ಮುಚ್ಚಿಡುವವರು ಯಾರು, ಬಾಯಿ ತೆರೆಸಿ ನೋಡುವವರು ಯಾರು? ಈ ಹುಡುಗಿಗೆ ಬೇಕಾಗಿರುವುದು ಹಾಡಲ್ಲ, ನನ್ನ ಕಣ್ಣಿಲ್ಲದ ಒಂದು ಜಾಗ ಎಂದು ನನಗೆ ಬಲವಾಗಿ ಅನ್ನಿಸಿತು.

ಹೀಗಿರುವಾಗ ಡೇರಿಗೆ ಹಾಲು ಹಾಕುವ ಒಬ್ಬಾಕೆ, ತನ್ನ ತೌರಿನಲ್ಲಿ ಸೋದರಮಾವ ತೀರಿಕೊಂಡಿದ್ದರಿಂದ ಕೆಲವು ದಿನ ಬಾರದೆ, ತಿರುಗಿ ಬಂದವಳು ಕ್ಯಾನು ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡಳು. "ನಿನ್ ಮಗ್ಳು ಮಣ್ಗೆ ಬಂದಿತ್ತು ಕಣಕ್ಕ. ಸಂಜೆಗಂಟ ಕೂತಿತ್ತು. ಈ ಕಾಲ್ದಲ್ಲಿ ಯಾರ್ ಮಕ್ಳು ಬತ್ತವೆ" ಎಂದಳು. ನಾನು ಹೌದೌದು ಎಂದೆ. ಆ ಮಾವ ಯಾರೆಂದೇ ನಮಗೆ ಗೊತ್ತಿರಲಿಲ್ಲ. ಅವತ್ತು ಆಕೆಯ ಹಾಲಿನ ಡಿಗ್ರಿ ನೋಡುವುದನ್ನೂ ಮರೆತೆ. ಆಮೇಲೆ ಕೆದಕಿದರೆ ಒಂದೊಂದೇ ಹೊರಗೆ ಬಂತು. ಉಮ್ಮತ್ತೂರಿನಲ್ಲಿರುವ ನನ್ನ ತಮ್ಮ ಫೋನಿನಲ್ಲಿ, ಅಲ್ಲಿ ಯಾರದೋ ಸಾವಿಗೆ ನಮ್ಮ ಹುಡುಗಿ ಬಂದಿದ್ದಳು, ಮನೆಗೆ ಬಾ ಎಂದರೆ ಬರದೆ ಬಸ್ಸು ಹತ್ತಿದಳು ಎಂದ. ತೆರಕಣಾಂಬಿಯ ಕಡೆ ಇನ್ನೊಂದು ಸಾವಿನ ಮಣ್ಣಿನಲ್ಲಿ ಕಂಡವರಿದ್ದರು. ಕಾಲೇಜಿಗೆ ಎಂದು ಹೊರಟ ನನ್ನ ಮಗಳು ಗುರುತು ಪರಿಚಯವಿಲ್ಲದವರ ಹೆಣದ ಮುಂದೆ ಹೋಗಿ ಕೂರುತ್ತಿದ್ದಳು.

ಅಡುಗೆಮನೆಯಲ್ಲಿ ಒಬ್ಬಳೇ ಕೂತು ನಾನು ಅತ್ತುಬಿಟ್ಟೆ. ಸಾಯುವ ಯೋಚನೆ ಇರುವವಳು ಸಾವನ್ನು ನೋಡಿ ಬರಲು ಹೋಗುತ್ತಾಳೆ ಎನ್ನುವುದಕ್ಕಿಂತ ಬೇರೆ ಅರ್ಥ ಇದಕ್ಕೆ ಇರಬಹುದು ಎಂದು ಹೊಳೆಯಲೇ ಇಲ್ಲ. ಅಂಥದ್ದರಲ್ಲೂ ಅವಳನ್ನು ಕೂರಿಸಿಕೊಂಡು ಕೇಳಲಿಲ್ಲ. ಕೇಳಿದರೆ ಏನನ್ನುತ್ತಾಳೋ ಎಂಬ ಹೆದರಿಕೆ. ಹಿಂಬಾಲಿಸಿದೆ.

ಒಂದು ಬೆಳಿಗ್ಗೆ ತಂತಿಯ ಮೇಲೆ ಒಣಗಿದ್ದ ಹಳೆಯ ಹತ್ತಿ ಚೂಡಿದಾರ ಅವಳ ಕಾಲೇಜು ಬ್ಯಾಗಿಗೆ ಸೇರಿದ್ದನ್ನು ಕಂಡೆ. ಡೇರಿಯನ್ನು ಜೊತೆಯವಳಿಗೆ ಒಪ್ಪಿಸಿ, ತಲೆಯ ಮೇಲೆ ಸೆರಗು ಹೊದ್ದು, ಅವಳು ಹತ್ತಿದ ಬಸ್ಸಿಗೇ ಹಿಂದಿನ ಬಾಗಿಲಿನಿಂದ ಹತ್ತಿದೆ. ಗುಂಡ್ಲುಪೇಟೆಯಲ್ಲಿ ಇಳಿದವಳು ಕಾಲೇಜಿನ ಕಡೆ ತಿರುಗದೆ ಚಾಮರಾಜನಗರದ ಬಸ್ಸು ಹತ್ತಿದಳು. ನಾನೂ ಹತ್ತಿದೆ. ಕಿವಿಯಲ್ಲಿ ವೈರು, ಕಣ್ಣು ಕಿಟಕಿಯಾಚೆ, ಹಿಂದಿನ ಸೀಟಿನಲ್ಲಿ ಹುಲಿ ಬಂದು ಕೂತಿದ್ದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಚಾಮರಾಜನಗರದಲ್ಲಿ ಬಸ್‌ಸ್ಟ್ಯಾಂಡಿನ ಶೌಚಾಲಯಕ್ಕೆ ಹೋಗಿ ಬಟ್ಟೆ ಬದಲಾಯಿಸಿಕೊಂಡು ಬಂದು, ಕುದೇರಿನ ಬಸ್ಸಿನಲ್ಲಿ ಕೂತಳು. ನಾನು ಕಂಡಕ್ಟರಿಗೆ ಪಿಸುಮಾತಿನಲ್ಲಿ ಕುದೇರು ಎಂದೆ. ಅವನು ನನ್ನನ್ನು ಒಂಥರಾ ನೋಡಿದ. ಅನುಮಾನಿಸುವವರನ್ನು ಕಂಡರೆ ಜನಕ್ಕೂ ಅನುಮಾನ.

ಕುದೇರಿನಲ್ಲಿ ಇಳಿದ ಮೇಲೆ ದಾರಿ ಕೇಳಬೇಕಾಗಲಿಲ್ಲ, ಮೈಕು ಕೇಳಿಸುತ್ತಿತ್ತು. ಬೀದಿಗೆ ಅಡ್ಡಲಾಗಿ ಶಾಮಿಯಾನ, ಬಾಡಿಗೆ ಕುರ್ಚಿಗಳು. ತೀರಿಕೊಂಡ ಯಜಮಾನರನ್ನು ವಿಭೂತಿ ಹಚ್ಚಿ, ಹಾರ ಹಾಕಿ ಕೂರಿಸಿದ್ದರು. ದೂರದಿಂದ ಯಾರೋ ಬರಬೇಕಾಗಿತ್ತಂತೆ, ಅಲ್ಲಿಯವರೆಗೂ ಭಜನೆ. ಬರಿಗೈಯಲ್ಲಿ ಹೋದರೆ ಎದ್ದು ಕಾಣುತ್ತದೆ ಎಂದು ನಾನೂ ಒಂದು ಹಾರ ತೆಗೆದುಕೊಂಡು ಹೋಗಿ ಕಾಲ ಬಳಿ ಇಟ್ಟು ಹೆಂಗಸರ ಗುಂಪಿನಲ್ಲಿ ಕೂತೆ. ಕೂತ ತಕ್ಷಣ ಒಬ್ಬ ಮುದುಕಿ ನನ್ನ ಕುತ್ತಿಗೆ ತಬ್ಬಿಕೊಂಡು ಅತ್ತರು. ಅತ್ತು ಮುಗಿಸಿ, ನೀನು ಯಾರ ಕಡೆಯವಳವ್ವ ಎಂದರು. ಡೇರಿ ಕಡೆಯವಳು ಎಂದೆ. ಅದು ಅವರಿಗೆ ಸಾಕಾಯಿತು, ಕಾಫಿ ತರಿಸಿಕೊಟ್ಟರು.

ಮಗಳು ಭಜನೆಯವರ ಮಗ್ಗುಲಲ್ಲಿ ಚಾಪೆಯ ತುದಿಗೆ ಕೂತಿದ್ದಳು. ಕೈಯಲ್ಲಿ ತಾಳ. ಹಾರ್ಮೋನಿಯಂ ನುಡಿಸುತ್ತಿದ್ದ ಮುದುಕರನ್ನು ನೋಡಿದ್ದೇ ಗುರುತು ಹತ್ತಿತು. ಉಮ್ಮತ್ತೂರಿನವರು. ಹಿಂದಿನ ವರ್ಷ ನನ್ನ ಅಪ್ಪ ತೀರಿಕೊಂಡಾಗ ನಮ್ಮ ತೌರುಮನೆಗೆ ಬಂದು ಹಾಡಿದ್ದರು. ಅವತ್ತು ನಾನು ಅಳುವುದರಲ್ಲಿದ್ದೆ, ಮಗಳು ಎಲ್ಲಿ ಕೂತಿದ್ದಳು ಎಂದು ನೋಡಿರಲಿಲ್ಲ. ಈಗ ನೋಡಿದೆ. ಮುದುಕರನ್ನು ಮೇಲಿನಿಂದ ಕೆಳಗೆ ಅಳೆದೆ, ತಬಲದವನನ್ನು ಅಳೆದೆ, ಅವನಿಗೆ ಬೋಳುತಲೆ ಎಂದು ಕೊಂಚ ಸಮಾಧಾನಪಟ್ಟೆ. ಯಾರ ಕಣ್ಣೂ ಅವಳ ಮೇಲೆ ತಪ್ಪಾಗಿ ಹೋಗುತ್ತಿರಲಿಲ್ಲ. ನಾನು ಕಾಯುತ್ತಲೇ ಇದ್ದೆ.

ಆಮೇಲೆ ಅವಳು ಹಾಡಿದಳು. ಮುದುಕರು ತಲೆಯಾಡಿಸಿ ಮೈಕನ್ನು ಅವಳ ಕಡೆ ತಿರುಗಿಸಿದರು. ಮನೆಯಲ್ಲಿ 'ಹೂಂ' 'ಊಹೂಂ' ಬಿಟ್ಟು ಕೇಳದ ಆ ಗಂಟಲಿನಿಂದ ಇಷ್ಟು ದೊಡ್ಡ ದನಿ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮೇಲಕ್ಕೆ ಹೋಗುವ ಒಂದು ಕಡೆ ದನಿ ಒಡೆಯಿತು. ಮುದುಕರು ಅಯ್ಯೋ ಪಾಪ ಎನ್ನಲಿಲ್ಲ, ಅದೇ ಜಾಗಕ್ಕೆ ಹಾರ್ಮೋನಿಯಂ ವಾಪಸು ತಂದರು, ಅವಳು ಮತ್ತೆ ಹಿಡಿದಳು. ನಾನು ಅವಳ ಮುಖ ನೋಡಿದೆ. ಖುಷಿ ಇತ್ತು ಎಂದರೆ ಸುಳ್ಳು. ಆದರೆ ಮುದ್ದೆಯ ತಟ್ಟೆಯ ಮುಂದೆ ಇರುತ್ತಿದ್ದ ಆ ಮುಖ ಅಲ್ಲ. ಈ ಮುಖದೊಳಗೆ ಒಬ್ಬಳು ಇದ್ದಳು.

ನನ್ನ ಎದೆ ಹೂವಾಗುತ್ತಿರುವಾಗಲೇ ಹಾಡಿನ ಮಾತು ಕಿವಿಗೆ ಬಿತ್ತು. ಹೊರಟ ಜೀವ ತಾಯಿಗೆ ಹೇಳುತ್ತಿದೆ: ಬಾಗಿಲು ಹಾಕಿಕೊ, ದೀಪಕ್ಕೆ ಎಣ್ಣೆ ಹಾಕಬೇಡ, ನನಗಾಗಿ ಕಾಯಬೇಡ, ನಾನಿನ್ನು ಬರುವುದಿಲ್ಲ. ಸಾವಿನ ಮನೆಯಲ್ಲಿ ಇಂಥ ಹಾಡು ನೂರಾರು ಕೇಳಿದ್ದೇನೆ, ಕಣ್ಣೊರೆಸಿಕೊಂಡು ಕಾಫಿ ಕುಡಿದಿದ್ದೇನೆ. ಆದರೆ ಹೇಳುತ್ತಿರುವವಳು ನನ್ನ ಮಗಳು. ಕಣ್ಣು ಮುಚ್ಚಿಕೊಂಡು, ಅಷ್ಟು ನಿಜವಾಗಿ, ತಾಯಿ ಬಾಗಿಲು ಹಾಕಿಕೊ ಎನ್ನುತ್ತಿದ್ದಾಳೆ. ನಾನು ಯಾವಾಗ ಎದ್ದು ನಿಂತೆನೋ ತಿಳಿಯದು.

"ಬುಡ್ತು ಅನ್ನು" ಎಂದು ಕೂಗಿದೆ. "ಬುಡ್ತು ಅನ್ನು ಕಣಮ್ಮಿ."

ಹೆಣ ಕೂರಿಸಿದ ಮನೆಯಲ್ಲಿ, ಅಷ್ಟು ಜನರ ನಡುವೆ, ಭಜನೆಯ ಮಧ್ಯದಲ್ಲಿ ಎದ್ದು ಬುಡ್ತು ಅನ್ನು ಎಂದು ಕೂಗಿದ ಹೆಂಗಸು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಆಗಿಹೋದ ಸಾವಿಗೆ ಏನು ಬುಡ್ತು? ನನ್ನನ್ನು ತಬ್ಬಿಕೊಂಡಿದ್ದ ಮುದುಕಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ತಾಳ ನಿಂತಿತು. ಮಗಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಬೆಚ್ಚಿಬೀಳಲಿಲ್ಲ, ನಾಚಲಿಲ್ಲ. ಬಂದೇ ಬರುತ್ತಾಳೆಂದು ಗೊತ್ತಿದ್ದವರ ಹಾಗೆ ನೋಡಿದಳು. ಹಾರ್ಮೋನಿಯಂ ಮುದುಕರು ಮಾತ್ರ ಬೆರಳು ತೆಗೆಯದೆ, ಮೆಲ್ಲಗೆ, "ಪದ ಅರ್ದಕ್ಕೆ ನಿಲ್ಬಾರ್ದು ತಾಯಿ. ಮುಗೀಲಿ, ಆಮೇಕೆ ಕರ್ಕಂಡೋಗು" ಎಂದರು. ಮಗಳು ನನ್ನನ್ನೇ ನೋಡುತ್ತಾ ಉಳಿದದ್ದನ್ನು ಹಾಡಿ ಮುಗಿಸಿದಳು. ನಾನು ನಿಂತೇ ಕೇಳಿದೆ. ಕೂರಲು ಹೇಳುವವರು ಯಾರೂ ಇರಲಿಲ್ಲ.

ಹೊರಡುವಾಗ ಮುದುಕರು ಬಂದು ಕೈ ಮುಗಿದರು. ಮನೆಯವರು ಗೊತ್ತಿದ್ದೇ ಕಳಿಸುತ್ತಿದ್ದಾರೆ ಎಂದು ತಿಳಿದಿದ್ದರಂತೆ. ನನ್ನ ಅಪ್ಪನ ಮಣ್ಣಿನ ದಿನ ಅವಳು ಬಂದು, ಆ ಪದ ಇನ್ನೊಂದು ಸಲ ಹೇಳಿಕೊಡಿ ಎಂದಳಂತೆ. ಅಲ್ಲಿಂದ, ಯಾವ ಊರಿಗೆ ಹೋಗುತ್ತೀರಿ ಎಂದು ಫೋನು ಮಾಡಿ ಕೇಳಿ ಬರುತ್ತಿದ್ದಳು. ಹೊತ್ತು ಮುಳುಗುವ ಮೊದಲು ಬಸ್ಸು ಹತ್ತಿಸದೆ ಇದ್ದದ್ದಿಲ್ಲ ಎಂದರು. ಅವರ ಮುಖದಲ್ಲಿ ನೀರು ಬೆರೆಸಿದ ಲಕ್ಷಣ ಇರಲಿಲ್ಲ.

ಬಸ್ಸಿನ ತಂಗುದಾಣದ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತೆವು. ಮಧ್ಯಾಹ್ನದ ಬಿಸಿಲು. ಎದುರಿನ ಅಂಗಡಿಯವನು ನಿದ್ದೆ ಹೋಗಿದ್ದ. ಬೈಯಲು ನನ್ನಲ್ಲಿ ಎಷ್ಟೊಂದು ಇತ್ತು, ಕಾಲೇಜು ತಪ್ಪಿಸಿದ್ದು, ಸುಳ್ಳು ಹೇಳಿದ್ದು, ಸೂತಕದ ಮನೆಗೆ ಹೋಗಿ ಸ್ನಾನ ಮಾಡದೆ ಒಳಗೆ ಬಂದದ್ದು. ಒಂದೂ ಬಾಯಿಗೆ ಬರಲಿಲ್ಲ. ಅಲ್ಲಿಗೆ ಯಾಕೆ ಹೋಗ್ತೀಯ ಎಂದಷ್ಟೇ ಕೇಳಿದೆ.

ಅವಳು ಹೇಳಿದಳು. "ಅಲ್ಲಿ ಯಾರೂ ನಗು ಅನ್ನಲ್ಲ ಅವ್ವ. ಯಾಕ್ ಮಕ ಇಂಗಿಟ್ಕಂಡಿದ್ದೀಯ ಅನ್ನಲ್ಲ. ಸಾವಿನ್ ಮಾತ ಹಾಡ್ಕಂಡು ಕೂತಿರ್ತಾರೆ, ಬುಡ್ತು ಅನ್ನು ಅನ್ನೋರೇ ಇಲ್ಲ." ಆಮೇಲೆ ಪಕ್ಕಕ್ಕೆ ತಿರುಗಿ, "ಇವತ್ ನೀನೊಬ್ಳು ಬಂದೆ" ಎಂದಳು. ಅವಳ ತುಟಿ ಒಂಚೂರು ನಗುವಿನ ಕಡೆ ಹೋಗಿ ವಾಪಸು ಬಂತು.

ಆಗ ನಾನು ಕೇಳಿದೆ. ಡಾಕ್ಟರಮ್ಮ ಹೇಳಿಕೊಟ್ಟಿದ್ದ ಮಾತನ್ನೇ ಕೇಳಿದೆ, ಬಸ್ಸು ಬರುವ ದಾರಿಯನ್ನು ನೋಡುತ್ತಾ, ಅವಳ ಮುಖ ನೋಡಲು ಧೈರ್ಯವಿಲ್ಲದೆ. "ನಿಂಗೆ ಸಾಯ್ಬೇಕು ಅನ್ಸುತ್ತೇನಮ್ಮಿ?"

"ಅನ್ಸುತ್ತೆ" ಎಂದಳು.

ನಾಲಿಗೆ ಎದ್ದೇಬಿಟ್ಟಿತ್ತು. ಹಲ್ಲು ಕಚ್ಚಿ ಹಿಡಿದೆ. ಆ ಎರಡು ಮಾತನ್ನು ನುಂಗಿದ ಹಾಗೆ ಜೀವಮಾನದಲ್ಲಿ ಇನ್ನೇನನ್ನೂ ನುಂಗಿಲ್ಲ. ಈಗಲೂ ಅನ್ನಿಸುತ್ತಿದೆಯೇ ಎಂದೆ. ಈಗಿಲ್ಲ ಎಂದಳು. ಯಾವಾಗ ಎಂದೆ. ಅವಳು ಹೇಳತೊಡಗಿದಳು. ಬೆಳಿಗ್ಗೆ ಎದ್ದ ಕೂಡಲೇ ಹೆಚ್ಚು, ಕ್ಲಾಸಿನಲ್ಲಿ ಎಲ್ಲರೂ ನಗುವಾಗ ಹೆಚ್ಚು, ಹಾಡುವಾಗ ಇರುವುದಿಲ್ಲ, ಹಾಡಿ ಬಂದ ದಿನ ರಾತ್ರಿ ನಿದ್ದೆ ಬರುತ್ತದೆ. ಮೊದಲಿಗಿಂತ ಕಡಿಮೆಯಾಗಿದೆ, ಹೋಗಿಲ್ಲ. ನಾನು ನಡುವೆ ಬಾಯಿ ಹಾಕಲಿಲ್ಲ. ಡೇರಿಯಲ್ಲಿ ಕಡ್ಡಿ ನಿಲ್ಲುವುದಕ್ಕೆ ಕಾಯುವ ತಾಳ್ಮೆ ನನಗಿದೆ, ಅದನ್ನು ಮನೆಗೆ ತಂದಿರಲಿಲ್ಲ. ಎರಡು ಬಸ್ಸು ಬಂದು ಹೋದವು. ನಾವು ಹತ್ತಲಿಲ್ಲ.

ನನ್ನ ಅನುಮಾನ ತಪ್ಪಾಗಿತ್ತು ಎಂದು ನಾನು ಹೇಳುವುದಿಲ್ಲ. ಸಾಯುವ ಯೋಚನೆ ಇತ್ತು, ನಾನು ಸರಿಯಾಗಿಯೇ ಅನುಮಾನಿಸಿದ್ದೆ. ಆದರೆ ಅದು ಹಾಡಿನಲ್ಲಿದೆ, ಸಾವಿನ ಮನೆಯಲ್ಲಿದೆ, ಮೈಸೂರಿನ ಹಾಸ್ಟೆಲಿನಲ್ಲಿದೆ ಎಂದುಕೊಂಡು ಅಲ್ಲೆಲ್ಲ ಹುಡುಕುತ್ತಿದ್ದೆ. ಅದು ನಮ್ಮ ಮನೆಯಲ್ಲೇ, ಹುರುಳಿಕಾಯಿ ಸೋಸುವ ಜಾಗದಲ್ಲೇ ಕೂತಿತ್ತು.

ಮರುದಿನವೇ ಡಾಕ್ಟರಮ್ಮನ ಹತ್ತಿರ ಹೋದೆವು. ಮಗಳು ತಾನೇ ಎಲ್ಲ ಹೇಳಿದಳು. ಅವರು ಮಾತ್ರೆ ಬದಲಾಯಿಸಿದರು, ಮಾತಾಡಲು ಪದೇ ಪದೇ ಬರಲು ಹೇಳಿದರು. ಕಾಲೇಜಿಗೆ ಚಕ್ಕರ್ ಹಾಕಬಾರದು, ರಜೆಯ ದಿನ ಭಜನೆಗೆ ಹೋಗಬಹುದು, ಯಾವ ಊರು ಎಂದು ನನಗೆ ಹೇಳಿ ಹೋಗಬೇಕು ಎಂದು ನಾನೂ ಒಂದು ಕಟ್ಟಳೆ ಮಾಡಿದೆ. ಊರಿನಲ್ಲಿ ಮಾತು ಬಂತು. ಮದುವೆ ಆಗಬೇಕಾದ ಹುಡುಗಿ ಹೆಣದ ಮುಂದೆ ಹಾಡುತ್ತಾಳಂತಲ್ಲ ಎಂದು ಹಾಲು ಹಾಕುವ ಸಾಲಿನಲ್ಲೇ ಒಬ್ಬಾಕೆ ಕೇಳಿದಳು. ಆಕೆಯ ಹಾಲನ್ನು ಅವತ್ತು ಬಹಳ ನಿಧಾನವಾಗಿ ಪರೀಕ್ಷೆ ಮಾಡಿದೆ. ಆಮೇಲೆ ಆಕೆ ಏನೂ ಕೇಳಲಿಲ್ಲ.

ಪಿಯುಸಿ ಮುಗಿದ ಮೇಲೆ ಸಂಗೀತಕ್ಕೆ ಸೇರಿಸಲು ಮೈಸೂರಿಗೆ ಕರೆದುಕೊಂಡು ಹೋದವಳೂ ನಾನೇ. ದನಿ ನೋಡಲು ಕೂತಿದ್ದವರು, ಎಲ್ಲಿ ಕಲಿತೆ ಎಂದು ಕೇಳಿದರು. ಸಾವಿನ ಮನೆಗಳಲ್ಲಿ ಎಂದಳು. ಅವರು ಮುಖಮುಖ ನೋಡಿಕೊಂಡರು. ಕೆಲಸ ಕೆಟ್ಟಿತು ಎಂದುಕೊಂಡೆ. ಹಾಡಿಸಿದರು, ತಪ್ಪುಗಳನ್ನು ಹೇಳಿದರು, ಸೇರಿಸಿಕೊಂಡರು.

ಹಾಸ್ಟೆಲಿನ ಗೇಟಿನ ಹತ್ತಿರ ನನ್ನ ಕಾಲು ಮುಂದಕ್ಕೆ ಬರಲಿಲ್ಲ. ವಾರ್ಡನ್ನಿಗೆ ಎಲ್ಲ ಹೇಳಿದ್ದೆ, ಅಲ್ಲಿ ತೋರಿಸಬೇಕಾದ ಡಾಕ್ಟರನ್ನೂ ಕಂಡು ಬಂದಿದ್ದೆವು, ಮಾತ್ರೆ ವಾರ್ಡನ್ನಿನ ಬೀರುವಿನಲ್ಲಿತ್ತು. ಅಷ್ಟಾದರೂ ಅವಳನ್ನು ವಾಪಸು ಎಳೆದುಕೊಂಡು ಹೋಗಬೇಕು ಅನ್ನಿಸಿತು. ಕೊನೆಗೆ ಒಂದು ಮಾತು ಹೇಳಿ ಬಿಟ್ಟುಬಂದೆ. ದಿನಾ ಬೆಳಿಗ್ಗೆ ಹಾಲಿನ ಗಾಡಿ ಹೋದ ಮೇಲೆ ಫೋನು ಮಾಡುತ್ತೇನೆ, ಅದೇ ಪ್ರಶ್ನೆ ಕೇಳುತ್ತೇನೆ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಅವಳು ಒಪ್ಪಿದಳು.

ಮೊದಮೊದಲು ದಿನಾ ಇಲ್ಲ ಎನ್ನುತ್ತಿದ್ದಳು. ಇಲ್ಲ ಅವ್ವ, ಚೆಂದಾಗಿವ್ನಿ, ತಿಂಡಿ ಉಪ್ಪಿಟ್ಟು, ರೂಮಿನ ಹುಡುಗಿ ಒಳ್ಳೆಯವಳು, ಬಿಸಿಲು ಜಾಸ್ತಿ. ಹೆಚ್ಚು ಮಾತು. ನಾನು ಒಂದು ದಿನವೂ ನಂಬಲಿಲ್ಲ. ಎರಡು ಸಲ ಹೇಳದೆ ಬಸ್ಸು ಹತ್ತಿ ಹೋಗಿ ಗೇಟಿನಲ್ಲಿ ನಿಂತೆ. ಎರಡು ಸಲವೂ ಅವಳು ಚೆನ್ನಾಗಿಯೇ ಇದ್ದಳು, ನನ್ನನ್ನು ಕಂಡು ಹಣೆ ಚಚ್ಚಿಕೊಂಡಳು. ಗಂಡ, ನೀನೂ ಅಲ್ಲೇ ಸೇರ್ಕೊ ಎಂದ.

ಮೊನ್ನೆ ಡೇರಿಯ ಸಾಲು ಇನ್ನೂ ಕರಗಿರಲಿಲ್ಲ. ಹಾಲಿನ ಗಾಡಿಯೂ ತಡವಾಗಿತ್ತು. ಅಷ್ಟರಲ್ಲಿ ಅವಳದೇ ಫೋನು ಬಂತು. ತಾನಾಗಿ ಮಾಡಿದ್ದು ಅದೇ ಮೊದಲು. ನಾನು ಕೇಳುವ ಮುಂಚೆಯೇ, "ಇವತ್ ಅದೆ ಅವ್ವ" ಎಂದಳು. ಅಷ್ಟೇ. ಉಪ್ಪಿಟ್ಟಿಲ್ಲ, ಬಿಸಿಲಿಲ್ಲ. ನನಗೆ ಹೆದರಿಕೆಯಾಯಿತು. ಅದರ ಜೊತೆಗೇ, ಹೇಳಿದರೆ ಯಾರೂ ನಂಬುವುದಿಲ್ಲ, ಒಂದು ಭಾರ ಇಳಿಯಿತು. ಇದ್ದ ದಿನ ಇದೆ ಎನ್ನುವ ಹುಡುಗಿ, ಇಲ್ಲ ಎಂದ ದಿನವೂ ನಿಜವನ್ನೇ ಹೇಳಿರಬೇಕು. ಅಷ್ಟು ದಿನದ ಅಷ್ಟೂ ಇಲ್ಲಗಳನ್ನು ನಾನು ಆ ಗಳಿಗೆಯಲ್ಲಿ ಒಟ್ಟಿಗೇ ನಂಬಿದೆ. ವಾರ್ಡನ್ನಿನ ಹತ್ತಿರ ಹೋಗಿ ಕೂತ್ಕೊ, ಒಬ್ಬಳೇ ಇರಬೇಡ, ಬತ್ತಾವ್ನಿ ಎಂದೆ. ಬಾ ಎಂದಳು. ವಾರ್ಡನ್ನಿಗೂ ಮಾತಾಡಿ ಫೋನು ಇಟ್ಟೆ.

ಸಾಲಿನಲ್ಲಿ ಮೊದಲು ನಿಂತಿದ್ದ ವಯಸ್ಸಾದ ಆಕೆ, ಮಗಳಾ, ಹೇಗಿದ್ದಾಳೆ ಎಂದು ಕೇಳಿದರು. ಊರಿನವರಿಗೆ ನಾನು ಯಾವಾಗಲೂ ಚೆನ್ನಾಗಿದ್ದಾಳೆ ಎನ್ನುವವಳು. ಅವತ್ತು, ಚೆನ್ನಾಗಿಲ್ಲ, ಸಾಯಬೇಕು ಅನ್ನಿಸುತ್ತಿದೆಯಂತೆ, ಹೋಗಿ ಜೊತೆಗಿರುತ್ತೇನೆ ಎಂದೆ. ಆಕೆ ಕ್ಯಾನು ಕೆಳಗಿಟ್ಟು ನನ್ನ ತೋಳು ಹಿಡಿದುಕೊಂಡರು. "ಬುಡ್ತು ಅನ್ನವ್ವ. ಮೊದ್ಲು ಬುಡ್ತು ಅನ್ನು."

ನಾನು ಅನ್ನಲಿಲ್ಲ. ಲ್ಯಾಕ್ಟೋಮೀಟರನ್ನು ತೊಳೆದು ಜೊತೆಯವಳ ಕೈಗೆ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಸ್ಸಿಗೆ ಹೊರಟೆ.